ನೇಪಾಳದ ಗುಡ್ಡದೂರಲ್ಲಿ ಸ್ವಯಂಸೇವೆ: ಊರು, ಮನೆ, ತಿಂಗಳು ಆರಿಸುವುದು ಹೇಗೆ?

ನೇಪಾಳದ ಹಳ್ಳಿಯೊಂದರಲ್ಲಿ ಎರಡು ಮೂರು ತಿಂಗಳು ಸ್ವಯಂಸೇವೆ ಮಾಡಬೇಕೆಂದು ಹೊರಡುವವರು ಮೊದಲು ಕೇಳುವುದು, ‘ಅಲ್ಲಿ ಏನು ಕೆಲಸ ಕೊಡುತ್ತಾರೆ?’ ಎಂದು. ಆ ಪ್ರಶ್ನೆಯನ್ನು ನಾಲ್ಕನೆಯದಾಗಿ ಕೇಳಿ. ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತೀರಿ, ಏನು ಉಣ್ಣುತ್ತೀರಿ, ವಾರಕ್ಕೆ ಎಷ್ಟು ಸ್ನಾನ, ಜ್ವರ ಬಂದರೆ ಎಷ್ಟು ದೂರ ನಡೆಯಬೇಕು, ಇವನ್ನೆಲ್ಲ ಮೂರು ಸಂಗತಿಗಳು ತೀರ್ಮಾನಿಸುತ್ತವೆ: ಊರಿನ ಎತ್ತರ, ನೀವು ಉಣ್ಣುವ ಅಡುಗೆಮನೆ, ನೀವು ಹೋಗುವ ತಿಂಗಳು. ಈ ಮೂರು ಹೊಂದಿಕೊಂಡರೆ ಯಾವ ಕೆಲಸವಾದರೂ ಸಾಗುತ್ತದೆ. ಇವು ತಪ್ಪಿದರೆ ಎಷ್ಟೇ ಒಳ್ಳೆಯ ಕೆಲಸವಿದ್ದರೂ ಮೂರನೇ ವಾರಕ್ಕೆ ಗಂಟುಮೂಟೆ ಕಟ್ಟುತ್ತೀರಿ.

ಯಾವ ಎತ್ತರ?

ಸ್ವಯಂಸೇವಕರು ಹೋಗುವ ಊರುಗಳನ್ನು ಮೂರು ಬಗೆಯಾಗಿ ನೋಡಬಹುದು.

ಮೊದಲನೆಯದು ನಡುಗುಡ್ಡಗಳು: ಗೋರ್ಖಾ, ಲಮ್ಜುಂಗ್, ಕಾಸ್ಕಿ, ಸ್ಯಾಂಗ್ಜಾ, ಪಾಲ್ಪಾ ಜಿಲ್ಲೆಗಳಲ್ಲಿ 1,000ದಿಂದ 2,000 ಮೀಟರ್ ಎತ್ತರದ ಹಳ್ಳಿಗಳು. ಮೆಟ್ಟಿಲು ಗದ್ದೆ, ಮೆಕ್ಕೆಜೋಳ, ಎಮ್ಮೆ, ಆಡು. ತೆಳುಗಾಳಿಗೆ ದೇಹ ಒಗ್ಗದೆ ಬರುವ ಎತ್ತರದ ಕಾಯಿಲೆಯ ಭಯವಿಲ್ಲ. ಜನವರಿಯ ರಾತ್ರಿ ಚಳಿ ಕಚ್ಚುತ್ತದೆ, ಮನೆಯೊಳಗೆ ಒಲೆಯ ಬಳಿ ಬಿಟ್ಟರೆ ಬೆಚ್ಚಗಿನ ಜಾಗವಿರುವುದಿಲ್ಲ. ಆದರೂ ‘ಸಿರಕ್’ ಎಂಬ ದಪ್ಪ ಹತ್ತಿ ರಜಾಯಿ ಹೊದ್ದರೆ ನಿದ್ದೆಗೆ ಕೊರತೆಯಿಲ್ಲ. ಜಿಲ್ಲಾ ಕೇಂದ್ರಕ್ಕೆ ಜೀಪೋ ಬಸ್ಸೋ ಸಿಗುತ್ತದೆ. ಗಲ್ಫ್, ಮಲೇಷ್ಯಾ, ಭಾರತಗಳಿಗೆ ದುಡಿಯಲು ಹೋದ ಗಂಡಸರ ಕೋಣೆಗಳು ಖಾಲಿಯಿರುವುದರಿಂದ ಮನೆಯಲ್ಲಿ ಜಾಗ ಸಿಗುವುದೂ ಸುಲಭ.

ಎರಡನೆಯದು ಎವರೆಸ್ಟ್ ಇರುವ ಸೋಲುಖುಂಬು ಜಿಲ್ಲೆ. ಇಲ್ಲಿ ಸೋಲು ಮತ್ತು ಖುಂಬು ಬೇರೆ ಬೇರೆ ಲೋಕಗಳು. ಸೋಲು ಭಾಗದ ಸಲ್ಲೇರಿ ಸುಮಾರು 2,400 ಮೀಟರ್ ಎತ್ತರದಲ್ಲಿದೆ, ಕಾಠ್ಮಂಡುವಿನಿಂದ ಜೀಪಿನಲ್ಲಿ ಇಡೀ ದಿನದ ದಾರಿ. ಖುಂಬು ಅದಕ್ಕಿಂತ ಮೇಲೆ: ನಾಮ್ಚೆ 3,440 ಮೀಟರ್, ಖುಮ್ಜುಂಗ್ 3,790 ಮೀಟರ್. ಎಡ್ಮಂಡ್ ಹಿಲರಿ 1961ರಲ್ಲಿ ಶಾಲೆ ಕಟ್ಟಿಸಿದ್ದು ಖುಮ್ಜುಂಗ್‌ನಲ್ಲಿಯೇ. ಅಂದಿನಿಂದ ಹೊರಗಿನ ನೆರವು ಈ ಕಣಿವೆಗೆ ಹರಿದುಬರುತ್ತಲೇ ಇದೆ. ಹಾಗಾಗಿ ಎವರೆಸ್ಟ್ ಹೆಸರಿನ ಸೆಳೆತಕ್ಕೆ ಖುಂಬುವನ್ನು ಆರಿಸುವವರಿಗೆ ನಮ್ಮ ಸಲಹೆ ಇಷ್ಟೇ: ಬೆಟ್ಟ ನೋಡಲು ಖುಂಬುವಿಗೆ ಹೋಗಿ, ದುಡಿಯಲು ಸೋಲುವಿನಲ್ಲಿ ಉಳಿಯಿರಿ. ಅಲ್ಲಿ ನಿಮ್ಮ ಎರಡು ಕೈಗಳಿಗೆ ಹೆಚ್ಚು ಬೆಲೆಯಿದೆ.

ಮೂರನೆಯದು ಕೆಳ ಮುಸ್ತಾಂಗ್: ಮಾರ್ಫಾ, ಜೊಮ್ಸೊಮ್, ಸುಮಾರು 2,700 ಮೀಟರ್. ಹಿಮಾಲಯದ ಮಳೆನೆರಳಿನ ನೆಲ. ಅನ್ನಪೂರ್ಣ ಸಾಲಿನ ದಕ್ಷಿಣಕ್ಕೆ ಪೋಖರಾದ ಬಳಿಯ ಲುಮ್ಲೆಯಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ, ಬೆಟ್ಟದ ಆಚೆಯ ಜೊಮ್ಸೊಮ್‌ಗೆ ಸಿಗುವುದು 300ರೊಳಗೆ. ಆಗುಂಬೆಯನ್ನೂ ಚಳ್ಳಕೆರೆಯನ್ನೂ ಒಂದೇ ಬೆಟ್ಟದ ಎರಡು ಮಗ್ಗುಲಲ್ಲಿ ಇಟ್ಟಂತೆ. ಇಲ್ಲಿ ಹನ್ನೊಂದು ಗಂಟೆಯಿಂದ ಸಂಜೆಯವರೆಗೆ ಕಣಿವೆಯಲ್ಲಿ ಧೂಳುಗಾಳಿ ಬೀಸುತ್ತದೆ. ಜೊಮ್ಸೊಮ್‌ಗೆ ವಿಮಾನಗಳು ಬೆಳಿಗ್ಗೆಯಷ್ಟೇ ಹಾರುವುದಕ್ಕೂ ಇದೇ ಕಾರಣ. ಹೊರಗಿನ ಕೆಲಸವನ್ನೆಲ್ಲ ಬೆಳಿಗ್ಗೆಯೇ ಮುಗಿಸುವ ಊರು ಇದು. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಇಲ್ಲದಿದ್ದರೆ ಕೆಮ್ಮು ತಪ್ಪಿದ್ದಲ್ಲ.

ಮೊದಲ ಸಲ ಹೋಗುವವರಿಗೆ ನಡುಗುಡ್ಡವೇ ಸರಿ. 3,000 ಮೀಟರ್ ದಾಟಿದ ಮೇಲೆ ದೇಹದ ಲೆಕ್ಕವೇ ಬೇರೆ. ಅಲ್ಲಿಂದ ಮುಂದೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ತಂಗಬೇಕು. ತಲೆನೋವಿನ ಜೊತೆ ವಾಕರಿಕೆ, ನಡಿಗೆಯಲ್ಲಿ ತೂರಾಟ ಕಂಡರೆ ಮಾತ್ರೆ ನುಂಗಿ ಕಾಯಬೇಡಿ, ಅಂದೇ ಕೆಳಗಿಳಿಯಿರಿ. ಅಡುಗೆಯೂ ಬದಲಾಗುತ್ತದೆ. ನಾಮ್ಚೆಯ ಎತ್ತರದಲ್ಲಿ ನೀರು ಸುಮಾರು 88–89 ಡಿಗ್ರಿಗೇ ಕುದಿಯುವುದರಿಂದ ಪ್ರೆಷರ್ ಕುಕ್ಕರ್ ಇಲ್ಲದೆ ಬೇಳೆ ಬೇಯುವುದೇ ಇಲ್ಲ. ಬೇಯದ ಬೇಳೆ ತಿಂದು ಹೊಟ್ಟೆ ಉಬ್ಬಿಸಿಕೊಂಡವರು ಅದನ್ನೇ ಎತ್ತರದ ಕಾಯಿಲೆ ಎಂದುಕೊಂಡು ಗಾಬರಿಬೀಳುವುದುಂಟು.

ಯಾವ ಮನೆ?

ಹೆಚ್ಚು ಹೊತ್ತು ಯೋಚಿಸಬೇಕಾದ ಆಯ್ಕೆ ಇದು. ಮನೆಯವರ ಜೊತೆ ಇರುವುದು, ಶಾಲೆಯ ಕೋಣೆಯಲ್ಲಿ ಒಬ್ಬರೇ ಇರುವುದು, ಬಜಾರಿನ ಲಾಡ್ಜಿನಲ್ಲಿ ಇರುವುದು: ದಾರಿ ಮೂರು. ಲಾಡ್ಜಿನಲ್ಲಿದ್ದರೆ ನೀವು ಪ್ರವಾಸಿ, ಅಷ್ಟೇ. ಶಾಲೆಯ ಕೋಣೆಯಲ್ಲಿ ಸ್ವಾತಂತ್ರ್ಯವಿದೆ, ಆದರೆ ನೀರು ಹೊರುವುದು, ಗ್ಯಾಸ್ ಸಿಲಿಂಡರ್ ತರಿಸುವುದು, ಎರಡು ಹೊತ್ತು ಬೇಯಿಸುವುದು ಸೇರಿ ದಿನದ ಮೂರು ಗಂಟೆ ಹೋಗುತ್ತದೆ. ಮಕ್ಕಳ ಪುಸ್ತಕ ತಿದ್ದಲು ಕೂರುವ ಹೊತ್ತಿಗೆ ಕಣ್ಣು ಮುಚ್ಚಿರುತ್ತದೆ. ಭಾಷೆಯೂ ಬಾಯಿಗೆ ಬರುವುದಿಲ್ಲ. ಮನೆಯವರ ಜೊತೆ ಇರಿ.

ಗುಡ್ಡದ ಮನೆಯ ದಿನಚರಿ ಹೀಗೆ. ಐದು, ಐದೂವರೆಗೆ ಮನೆಯ ಹೆಂಗಸರು ಎದ್ದು ಒಲೆ ಹಚ್ಚುತ್ತಾರೆ, ಎಮ್ಮೆಗೆ ‘ಕುಂಡೋ’ ಎಂಬ ಕಲಗಚ್ಚು ಬೇಯಿಸುತ್ತಾರೆ. ಆರಕ್ಕೆ ಸಕ್ಕರೆ ಚಹಾ, ತಿಂಡಿ ಇಲ್ಲ. ಒಂಬತ್ತು, ಒಂಬತ್ತೂವರೆಗೆ ಪೂರ್ತಿ ಊಟ: ಅನ್ನ, ಬೇಳೆ, ಪಲ್ಯ, ಉಪ್ಪಿನಕಾಯಿ. ಮಧ್ಯಾಹ್ನ ಒಂದೂವರೆ ಎರಡರ ಹೊತ್ತಿಗೆ ಖಾಜಾ, ಅಂದರೆ ಅವಲಕ್ಕಿಯೋ ಹುರಿದ ಮೆಕ್ಕೆಜೋಳವೋ ನೂಡಲ್ಸೋ. ರಾತ್ರಿ ಏಳೂವರೆಗೆ ಮತ್ತೆ ಅದೇ ದಾಲ್‌ಭಾತ್, ಒಂಬತ್ತಕ್ಕೆ ದೀಪ ಆರುತ್ತದೆ. ಬೆಳಿಗ್ಗೆ ಎಂಟಕ್ಕೆ ಇಡ್ಲಿ ದೋಸೆ ತಿಂದು ಒಂದು ಗಂಟೆಗೆ ಉಣ್ಣುವ ನಮ್ಮ ಹೊಟ್ಟೆಗೆ ಇದು ಹತ್ತು ದಿನ ಕಷ್ಟ. ಆ ಹತ್ತು ದಿನಕ್ಕೆಂದು ಕಡಲೆಕಾಯಿ, ಹುರಿಗಡಲೆ, ಬೆಲ್ಲ ಒಯ್ಯಿರಿ. ಬಿಸ್ಕತ್ತು ಒಯ್ದರೆ ಮನೆಯ ಮಕ್ಕಳ ಮುಂದೆ ಒಬ್ಬರೇ ತಿನ್ನಲಾಗದು.

ಕನ್ನಡಿಗರಿಗೆ ಅಲ್ಲಿ ಅಚ್ಚರಿಯೊಂದು ಕಾದಿರುತ್ತದೆ. ನೇಪಾಳಿಯಲ್ಲಿ ‘ಕೋದೊ’ ಎಂದರೆ ರಾಗಿಯೇ. ಕುದಿಯುವ ನೀರಿಗೆ ರಾಗಿ ಹಿಟ್ಟು ಸುರಿದು ಕೋಲಿನಿಂದ ತೊಳಸಿ ಮಾಡುವ ‘ಢಿಂಡೊ’ ನಮ್ಮ ಮುದ್ದೆಯ ಒಡಹುಟ್ಟು. ಉಂಡೆ ಕಟ್ಟುವುದಿಲ್ಲ, ಕೊಂಚ ಮೆತ್ತಗಿರುತ್ತದೆ. ಮುರಿದು ಗುಂದ್ರುಕ್ ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುತ್ತಾರೆ. ಗುಂದ್ರುಕ್ ಎಂದರೆ ಸಾಸಿವೆ, ಮೂಲಂಗಿ ಸೊಪ್ಪನ್ನು ಹುದುಗಿಸಿ ಒಣಗಿಸಿದ್ದು. ಅದರ ಹುಳಿ ವಾಸನೆಗೆ ಒಗ್ಗಲು ಒಂದು ವಾರ ಬೇಕು. ಅಕ್ಕಿ ಊಟ ದೊಡ್ಡದು, ಢಿಂಡೊ ಬಡವರದು ಎಂಬ ನಾಚಿಕೆ ಅಲ್ಲಿನ ಹಳ್ಳಿಗಳಲ್ಲಿ ಇನ್ನೂ ಇದೆ. ಅತಿಥಿಗೆಂದು ದುಡ್ಡು ಕೊಟ್ಟು ಅಕ್ಕಿ ತರುತ್ತಾರೆ. ‘ನಮ್ಮೂರಲ್ಲೂ ಇದೇ ಊಟ’ ಎಂದು ಮೊದಲ ವಾರವೇ ಹೇಳಿ, ಎರಡನೇ ಸಲ ಕೇಳಿ ಹಾಕಿಸಿಕೊಳ್ಳಿ. ಆ ಮನೆಯ ಖರ್ಚೂ ಇಳಿಯುತ್ತದೆ, ನಿಮ್ಮ ಮೇಲಿನ ಸಂಕೋಚವೂ.

ಮನೆ ಆರಿಸುವಾಗ ಸಮುದಾಯವನ್ನು ಕೇಳಿ ತಿಳಿದುಕೊಳ್ಳುವುದು ತಪ್ಪಲ್ಲ, ಅಡುಗೆಮನೆಯ ಕಟ್ಟುಪಾಡು ಅದರ ಮೇಲೆ ನಿಂತಿದೆ. ಬಾಹುನ್ (ಬ್ರಾಹ್ಮಣ), ಛೇತ್ರಿ (ಕ್ಷತ್ರಿಯ) ಮನೆಗಳಲ್ಲಿ ಒಲೆಯ ಸುತ್ತಲಿನ ಜಾಗಕ್ಕೆ ಕರೆಯದೆ ಕಾಲಿಡಬಾರದು. ಮುಟ್ಟಿನ ದಿನಗಳಲ್ಲಿ ಹೆಂಗಸರು ಅಡುಗೆಮನೆಗೆ ಬರುವುದಿಲ್ಲ. ಹೋಗುವ ಹೆಣ್ಣುಮಕ್ಕಳು ಮನೆಯ ದಿದಿಯನ್ನು, ಅಂದರೆ ಅಕ್ಕನನ್ನು, ಮೊದಲ ವಾರವೇ ‘ಆ ದಿನಗಳಲ್ಲಿ ನಾನು ಎಲ್ಲಿ ಉಣ್ಣಲಿ, ಎಲ್ಲಿ ಮಲಗಲಿ?’ ಎಂದು ನೇರವಾಗಿ ಕೇಳಿಬಿಡಿ. ದೂರದ ಪಶ್ಚಿಮದಲ್ಲಿ ಹೆಂಗಸರನ್ನು ಗುಡಿಸಲಿಗೆ ಕಳಿಸುವ ಛೌಪಡಿ ಪದ್ಧತಿಯನ್ನು 2017ರ ಕಾನೂನು ಅಪರಾಧವೆಂದು ಸಾರಿದೆ. ನಡುಗುಡ್ಡಗಳಲ್ಲಿ ಅಷ್ಟು ಕಟ್ಟುನಿಟ್ಟಿಲ್ಲ, ಆದರೆ ನಿಯಮ ಮನೆಯಿಂದ ಮನೆಗೆ ಬೇರೆ. ಗುರುಂಗ್, ಮಗರ್, ಶೆರ್ಪಾ ಮನೆಗಳಲ್ಲಿ ಇವು ಸಡಿಲ, ಒಲೆಯ ಸುತ್ತಲೇ ಎಲ್ಲರೂ ಕೂರುತ್ತಾರೆ. ಅಲ್ಲಿ ಮಾಂಸ, ಮನೆಯಲ್ಲೇ ಬಟ್ಟಿ ಇಳಿಸಿದ ರಕ್ಸಿ ಸಾಮಾನ್ಯ. ಸಸ್ಯಾಹಾರಿಗಳು ಎಲ್ಲಿಯೂ ಹಸಿದು ಇರಬೇಕಿಲ್ಲ, ದಿನದ ಊಟ ಬಹುತೇಕ ಅನ್ನ ಬೇಳೆಯೇ. ದಶೈಂ, ಅಂದರೆ ಅಲ್ಲಿನ ದಸರಾ ಹಬ್ಬದಲ್ಲಿ ಮಾತ್ರ ಆಡು ಕಡಿಯದ ಮನೆ ಅಪರೂಪ. ‘ಮಾಸು ಖಾಂದಿನ’, ಅಂದರೆ ಮಾಂಸ ತಿನ್ನುವುದಿಲ್ಲ ಎಂಬ ಎರಡು ಪದ ಕಲಿತರೆ ಸಾಕು.

‘ಜುಠೊ’ ನಮ್ಮ ಎಂಜಲೇ. ಬಾಟಲಿ, ಲೋಟ ಎತ್ತಿ ಕುಡಿಯುವುದು, ತಟ್ಟೆಯಲ್ಲಿರುವುದನ್ನು ಬೇರೆಯವರಿಗೆ ದಾಟಿಸದಿರುವುದು ಬಲ್ಲ ಕನ್ನಡಿಗರು ಈ ಪರೀಕ್ಷೆಯಲ್ಲಿ ಯುರೋಪಿನವರಿಗಿಂತ ಮೊದಲೇ ಪಾಸು. ನಮ್ಮವರು ಎಡವುವುದು ಬೇರೆ ಕಡೆ. ನಿಮ್ಮ ಜಾತಿ ಯಾವುದೆಂದು ಕೇಳುತ್ತಾರೆ, ಹೆಸರಿನ ಕೊನೆಯ ಭಾಗ ಕೇಳುವುದೂ ಅದಕ್ಕೇ. ಕಾಮಿ, ದಮಾಯಿ, ಸಾರ್ಕಿ ಎಂಬ ದಲಿತರ ಕೇರಿಯಲ್ಲಿ ಚಹಾ ಕುಡಿದಿರಾ ಎಂಬ ಸುದ್ದಿ ಸಂಜೆಯೊಳಗೆ ಊರೆಲ್ಲ ತಿರುಗುತ್ತದೆ. ಕುಡಿಯಿರಿ, ಮುಚ್ಚಿಡಬೇಡಿ. ನೇಪಾಳದ ಕಾನೂನಿನಲ್ಲಿ ಅಸ್ಪೃಶ್ಯತೆ ಶಿಕ್ಷಾರ್ಹ ಅಪರಾಧ, ಆ ಮಕ್ಕಳು ನಿಮ್ಮ ತರಗತಿಯಲ್ಲೇ ಕೂರುತ್ತಾರೆ. ಇದಕ್ಕಾಗಿ ನೀವು ಉಳಿದಿರುವ ಮನೆಯವರೊಂದಿಗೆ ಜಗಳವಾಗುವಂತಿದ್ದರೆ ಆ ಮನೆ ನಿಮಗಲ್ಲ.

ಕರೆಯುವ ಬಗೆ ನಮ್ಮದರಂತೆಯೇ: ಹಿರಿಯ ಗಂಡಸು ದಾಯಿ, ಹೆಂಗಸು ದಿದಿ, ಕಿರಿಯರು ಭಾಯಿ, ಬಹಿನಿ, ಮನೆಯೊಡತಿ ಆಮಾ. ಎಲ್ಲರಿಗೂ ‘ತಪಾಈಂ’, ಅಂದರೆ ನೀವು, ಎನ್ನಿ. ಹಿಂದಿಯ ‘ತುಮ್’ ನೆನೆದು ‘ತಿಮಿ’ ಬಳಸಿದರೆ ಹಿರಿಯರಿಗೆ ಏಕವಚನದಂತೆ ಕೇಳಿಸುತ್ತದೆ. ಹಿಂದಿ ಬಲ್ಲವರಿಗೆ ಲಿಪಿಯೂ ಒಂದೇ ಆದ್ದರಿಂದ ಆರು ವಾರದಲ್ಲಿ ಮಾತು ಕೂಡಿಬರುತ್ತದೆ. ಹಾಗೆಂದು ಹಿಂದಿಯಲ್ಲೇ ಕಾಲ ತಳ್ಳಬೇಡಿ, ಅದು ಅಲ್ಲಿನ ಹಿರಿಯರಿಗೆ ಹಿಡಿಸುವುದಿಲ್ಲ.

ಮನೆಗೆ ಎಷ್ಟು ಕೊಡಬೇಕು? ಎರಡು ಹೊತ್ತು ಅನ್ನ ಉಣ್ಣುವ ದುಡಿಯುವ ಆಳಿಗೆ ದಿನಕ್ಕೆ 400ರಿಂದ 500 ಗ್ರಾಂ ಅಕ್ಕಿ ಬೇಕು, ತಿಂಗಳಿಗೆ 12ರಿಂದ 15 ಕಿಲೋ. 30 ಕಿಲೋದ ಒಂದು ಮೂಟೆ ಎರಡು ತಿಂಗಳು ಬರುತ್ತದೆ. ಅದರ ಮೇಲೆ ಬೇಳೆ, ಎಣ್ಣೆ, ತರಕಾರಿ, ಹಾಲು, ಸೌದೆ, ಮನೆಯೊಡತಿಯ ದುಡಿಮೆ. ಬಜಾರಿನಲ್ಲಿ ಆ ವಾರದ ಬೆಲೆ ಕೇಳಿ ಲೆಕ್ಕ ಹಾಕಿ, ತಿಂಗಳ ಮೊದಲ ದಿನವೇ ಆಮಾ ಕೈಗೆ ಕೊಡಿ. ಗಂಡಸರ ಕೈಗೆ ಕೊಟ್ಟ ಹಣ ಅಡುಗೆಮನೆ ತಲುಪುವುದು ತಡವಾಗಬಹುದು. ಬಿಸಿನೀರಿಗೆ ಸೌದೆ ಹೋಗುತ್ತದೆ, ಆ ಸೌದೆ ಯಾರದೋ ಬೆನ್ನ ಮೇಲೆ ಬಂದದ್ದು. ಚಳಿಗಾಲದಲ್ಲಿ ವಾರಕ್ಕೆ ಎರಡು ಸ್ನಾನ, ಅದೂ ಬಿಸಿಲೇರಿದ ಮೇಲೆ ‘ಧಾರಾ’ದಲ್ಲಿ, ಅಂದರೆ ಊರ ನಲ್ಲಿಯಲ್ಲಿ. ಗಂಡಸರು ಪಂಚೆ ಉಟ್ಟು, ಹೆಂಗಸರು ಲಂಗ ಎದೆಗೆ ಕಟ್ಟಿ. ನಮ್ಮ ಹೊಳೆ ಸ್ನಾನ ಬಲ್ಲವರಿಗೆ ಹೇಳಿಕೊಡಬೇಕಿಲ್ಲ.

ಯಾವ ತಿಂಗಳು?

ನೇಪಾಳದ ಶಾಲೆ, ಹೊಲ, ಹಬ್ಬ ಎಲ್ಲವೂ ವಿಕ್ರಮ ಸಂವತ್ಸರದ ಲೆಕ್ಕದಲ್ಲಿ ನಡೆಯುತ್ತವೆ. ವರ್ಷ ಹುಟ್ಟುವುದು ಏಪ್ರಿಲ್ ನಡುವಿನ ಬೈಶಾಖದಲ್ಲಿ, ಶಾಲೆಯೂ ಆಗಲೇ. ಆದರೆ ಮೊದಲ ಎರಡು ವಾರ ದಾಖಲಾತಿಯಲ್ಲಿ ಕಳೆಯುತ್ತದೆ, ಪಠ್ಯಪುಸ್ತಕ ಗುಡ್ಡ ಹತ್ತುವುದು ಇನ್ನೂ ತಡ. ಏಪ್ರಿಲ್ 15ಕ್ಕೆ ಹಾಜರಾದವರು ಪುಸ್ತಕವಿಲ್ಲದೆ ಆಟವಾಡಿಸುತ್ತಾ ಕೂರುತ್ತಾರೆ. ಮೇ ಮೊದಲ ವಾರ ತಲುಪಿ.

ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಮಳೆಗಾಲ. ನಾಟಿಯ ಕಾಲವೂ ಇದೇ. ಅಸಾರ್ ತಿಂಗಳ 15ನೇ ದಿನ, ಅಂದರೆ ಜೂನ್ ಕೊನೆಗೆ, ಮೊಸರವಲಕ್ಕಿ ತಿಂದು ಗದ್ದೆಗಿಳಿಯುವುದು ರೂಢಿ. ಬೇಸಾಯದ ಕೆಲಸಕ್ಕೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ, ಶಾಲೆಗೆ ಹೋಗುವವರಿಗೆ ಇದಕ್ಕಿಂತ ಕೆಟ್ಟದ್ದಿಲ್ಲ: ಮಕ್ಕಳು ಗದ್ದೆಯಲ್ಲಿರುತ್ತಾರೆ. ಇಂಬಳದ ಕಾಟ ಮಲೆನಾಡಿನಂತೆಯೇ. ಸುಣ್ಣ, ಹೊಗೆಸೊಪ್ಪು, ಉಪ್ಪಿನ ಗಂಟು ಎಲ್ಲ ಅಲ್ಲೂ ನಡೆಯುತ್ತವೆ. ಇಂಬಳಕ್ಕಿಂತ ದೊಡ್ಡ ಅಪಾಯ ರಸ್ತೆಯದು. ಗುಡ್ಡ ಕುಸಿದು ಹೆದ್ದಾರಿಯೇ ದಿನಗಟ್ಟಲೆ ಮುಚ್ಚುತ್ತದೆ. ರಾತ್ರಿ ಬಸ್ಸು ಹತ್ತಬೇಡಿ. ವಾಪಸು ಟಿಕೆಟ್ಟಿಗೂ ಊರು ಬಿಡುವ ದಿನಕ್ಕೂ ನಡುವೆ ನಾಲ್ಕು ದಿನ ಇಟ್ಟುಕೊಳ್ಳಿ. ಮಳೆಗಾಲದಲ್ಲೇ ಹೋಗಬೇಕಾದವರಿಗೆ ಕೆಳ ಮುಸ್ತಾಂಗ್ ಸರಿಯಾದ ಜಾಗ, ಮೇಲೆ ತಲುಪಿದರೆ ಒಣಗಿಯೇ ಇರುತ್ತದೆ. ಕೆಳಗಿನ ಬೇನಿ ಪಟ್ಟಣದಿಂದ ಮೇಲಿನ ದಾರಿಯಲ್ಲಿ ಮಾತ್ರ ಎರಡು ಮೂರು ಕಡೆ ಇಳಿದು ನಡೆದು ಬೇರೆ ಜೀಪು ಹತ್ತಬೇಕಾಗಬಹುದು. ಆಗಸ್ಟ್‌ನಿಂದ ಅಕ್ಟೋಬರ್ ಸೇಬು ಕೊಯ್ಲು, ಕೆಲಸಕ್ಕೆ ಬರವಿಲ್ಲ.

ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ನಡುವಿನವರೆಗಿನ ಅವಧಿಯಲ್ಲಿ ದಶೈಂ, ತಿಹಾರ್ (ಅಲ್ಲಿನ ದೀಪಾವಳಿ). ಶಾಲೆಗೆ ಉದ್ದನೆಯ ರಜೆ. ಆಕಾಶ ತಿಳಿಯಾಗಿರುತ್ತದೆ, ಚಾರಣಕ್ಕೆ ಹೇಳಿ ಮಾಡಿಸಿದ ಕಾಲ. ಅದನ್ನೇ ನೋಡಿ ‘ಅಕ್ಟೋಬರ್ ಒಂದು ತಿಂಗಳು ಪಾಠ ಮಾಡಿ ಬರುತ್ತೇನೆ’ ಎಂದು ಟಿಕೆಟ್ ಮಾಡಿಸುವವರು ಹತ್ತು ದಿನವೂ ತರಗತಿ ಕಾಣುವುದಿಲ್ಲ.

ಶಾಲೆಗೆ ಹೋಗುವವರು ತಿಹಾರ್ ಮುಗಿದ ಮೇಲೆ ಹೊರಟು ಫೆಬ್ರವರಿ ಕೊನೆಯವರೆಗೆ ಇರುವುದು ಉತ್ತಮ, ಪರೀಕ್ಷೆಗೆ ಮುಂಚಿನ ಈ ತಿಂಗಳುಗಳಲ್ಲಿ ಕಲಿಕೆ ಗಟ್ಟಿಯಾಗಿ ನಡೆಯುತ್ತದೆ. ಇದು ನಡುಗುಡ್ಡಕ್ಕೆ ಹೇಳಿದ ಮಾತು. ಖುಂಬುವಿನಲ್ಲಿ ಡಿಸೆಂಬರ್ ನಡುವಿನಿಂದ ಶಾಲೆ ಮುಚ್ಚಿ ಮನೆಮಂದಿ ಕಾಠ್ಮಂಡುವಿಗೆ ಇಳಿದಿರುತ್ತಾರೆ. ಶಾಲೆ ಬೆಳಿಗ್ಗೆ ಹತ್ತರಿಂದ ನಾಲ್ಕು, ಶುಕ್ರವಾರ ಅರ್ಧ ದಿನ. ವಾರದ ರಜೆ ವಾಡಿಕೆಯಂತೆ ಶನಿವಾರ; ಭಾನುವಾರ ಪಾಠವಿದೆಯೇ ಎಂದು ಶಾಲೆಯಲ್ಲೇ ಕೇಳಿ. ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದೆ.

ಕೆಲಸದ ವಿಚಾರಕ್ಕೆ ಬಂದರೆ

ಶಾಲೆಯನ್ನು ಒಪ್ಪುವ ಮುಂಚೆ ತರಗತಿವಾರು ಮಕ್ಕಳ ಸಂಖ್ಯೆ ಕೇಳಿ. ವಲಸೆಯಿಂದಾಗಿ ಗುಡ್ಡದ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಮೇಷ್ಟ್ರುಗಳಿದ್ದಾರೆ, ಮಕ್ಕಳಿಲ್ಲ. ಅಂಥಲ್ಲಿ ನೀವು ಶೋಭೆಗೆ ನಿಂತ ಅತಿಥಿ. ಆರು, ಏಳು, ಎಂಟನೇ ತರಗತಿಗಳಲ್ಲಿ ಗಣಿತಕ್ಕೋ ವಿಜ್ಞಾನಕ್ಕೋ ಶಿಕ್ಷಕರಿಲ್ಲದ ಶಾಲೆ ಹುಡುಕಿ. ಅಲ್ಲೂ ಒಂದು ಷರತ್ತು ಹಾಕಿ: ಪಾಠದ ಹೊತ್ತಿಗೆ ಊರಿನ ಶಿಕ್ಷಕರೊಬ್ಬರು ತರಗತಿಯಲ್ಲಿರಬೇಕು. ಇಲ್ಲವಾದರೆ ‘ಸ್ವಯಂಸೇವಕರು ಇದ್ದಾರಲ್ಲ’ ಎಂದು ಅವರು ಬೇರೆ ಕೆಲಸಕ್ಕೆ ಹೋಗುತ್ತಾರೆ, ನೀವು ಹೊರಟ ದಿನ ತರಗತಿ ಅನಾಥ.

ಬೇಸಾಯ ಹೆಚ್ಚು ಪ್ರಾಮಾಣಿಕ ವಿನಿಮಯ, ಆದರೆ ಮೈ ಬಗ್ಗಬೇಕು. ‘ಡೋಕೊ’ ಎಂಬ ಬಿದಿರಿನ ಬುಟ್ಟಿಯನ್ನು ‘ನಾಮ್ಲೊ’ ಪಟ್ಟಿಯಿಂದ ಹಣೆಗೆ ಕೊಟ್ಟು ಹೊರುತ್ತಾರೆ. ಹೊಸಬರು ಹತ್ತು ಕಿಲೋಗಿಂತ ಹೆಚ್ಚು ಹೊರಬೇಡಿ. ಪಟ್ಟಿ ಹಣೆಯ ಮೇಲ್ಭಾಗದಲ್ಲಿ, ನೆತ್ತಿಗೆ ಹತ್ತಿರ ಕೂರಬೇಕು. ಹುಬ್ಬಿನ ಮೇಲೆ ಬಂದರೆ ಕುತ್ತಿಗೆ ಹಿಂದಕ್ಕೆ ಸೆಳೆದು ಮೂರು ದಿನ ತಿರುಗಿಸಲಾಗದು. ನಮ್ಮ ಮುಯ್ಯಾಳಿಗೆ ಅಲ್ಲಿ ‘ಪರ್ಮ’ ಎನ್ನುತ್ತಾರೆ: ಇಂದು ನಾವು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮದಕ್ಕೆ. ನೀವು ಪರ್ಮಕ್ಕೆ ಹೋದ ದಿನ ಮನೆಯವರ ಲೆಕ್ಕಕ್ಕೆ ಒಂದು ಆಳು ಜಮೆಯಾಗುತ್ತದೆ. ಅವರಿಗೆ ನೀವು ಕೊಡುವ ಹಣಕ್ಕಿಂತ ಇದು ಎದ್ದು ಕಾಣುತ್ತದೆ.

ವೈದ್ಯಕೀಯ ಕೆಲಸಕ್ಕೆ ವೈದ್ಯರಾದರೂ ನೇಪಾಳ ಮೆಡಿಕಲ್ ಕೌನ್ಸಿಲ್‌ನ ತಾತ್ಕಾಲಿಕ ನೋಂದಣಿ ಬೇಕು. ವಿದ್ಯಾರ್ಥಿಗಳು ಸೂಜಿ ಹಿಡಿಯುವ ಅವಕಾಶ ಕೊಡುವ ಸಂಸ್ಥೆಯಿಂದ ದೂರವಿರಿ. ಅನಾಥಾಶ್ರಮ ಬೇಡವೇ ಬೇಡ. ಅಲ್ಲಿರುವ ಅನೇಕ ಮಕ್ಕಳಿಗೆ ಹಳ್ಳಿಯಲ್ಲಿ ತಂದೆಯೋ ತಾಯಿಯೋ ಇದ್ದಾರೆ. ಓದಿಸುತ್ತೇವೆಂದು ನಂಬಿಸಿ ಕರೆತಂದ ಮಕ್ಕಳವು. ಸ್ವಯಂಸೇವಕರ ಶುಲ್ಕವೇ ಆ ವ್ಯವಹಾರವನ್ನು ನಡೆಸುತ್ತಿದೆ.

ಸಂಸ್ಥೆಯ ಮೂಲಕವೋ, ನೇರವಾಗಿಯೋ?

ಶುಲ್ಕ ಪಡೆದು ಕಳಿಸುವ ಸಂಸ್ಥೆಯಾದರೆ ಎರಡು ಪ್ರಶ್ನೆ: ನೇಪಾಳ ಸರ್ಕಾರದ ಸಮಾಜ ಕಲ್ಯಾಣ ಪರಿಷತ್ತಿನಲ್ಲಿ ನೋಂದಣಿಯಿದೆಯೇ? ನಾನು ಕೊಡುವ ಹಣದಲ್ಲಿ ಮನೆಗೆಷ್ಟು, ಶಾಲೆಗೆಷ್ಟು? ಎರಡನೆಯದಕ್ಕೆ ಅಂಕಿ ಹೇಳದವರನ್ನು ಬಿಡಿ. ನೇರವಾಗಿ ಹೋಗುವವರಿಗೆ ದಾರಿ ಉಂಟು. 2015ರ ಸಂವಿಧಾನದ ನಂತರ ಶಾಲೆಗಳು ಸ್ಥಳೀಯ ಪಾಲಿಕೆಗಳ ಕೈಗೆ ಬಂದಿವೆ. ಶಾಲಾ ವ್ಯವಸ್ಥಾಪನ ಸಮಿತಿಯ ಪತ್ರ, ಗಾಂವ್‌ಪಾಲಿಕಾ, ಅಂದರೆ ಗ್ರಾಮ ಪಾಲಿಕೆಯ ಕಚೇರಿಯ ಒಪ್ಪಿಗೆ ಎರಡೂ ಬರಹದಲ್ಲಿರಲಿ, ಅದರಲ್ಲಿ ತರಗತಿ, ವಿಷಯ, ದಿನಾಂಕ ಇರಲಿ. ಮೊದಲ ಸಲವಾದರೆ ಒಂದು ತಿಂಗಳು ಸಣ್ಣ ಸಂಸ್ಥೆಯ ಮೂಲಕ ಹೋಗಿ, ಮುಂದಿನ ವರ್ಷ ಅದೇ ಊರಿಗೆ ನೇರವಾಗಿ ಹೋಗುವುದು ಜಾಣತನ.

ಭಾರತೀಯರಿಗೆ ವೀಸಾ ಬೇಡ. ಆದರೆ ವಿಮಾನದಲ್ಲಿ ಹೋಗುವ ವಯಸ್ಕರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿಯೇ ಬೇಕು, ಆಧಾರ್ ನಡೆಯುವುದಿಲ್ಲ. ಅಮೆರಿಕ, ಬ್ರಿಟನ್ ಪಾಸ್‌ಪೋರ್ಟ್ ಹೊಂದಿದ ಕನ್ನಡಿಗರಿಗೆ ಲೆಕ್ಕ ಬೇರೆ. ಭಾರತ ಕೊಡುವ ಓಸಿಐ (ಸಾಗರೋತ್ತರ ನಾಗರಿಕ) ಕಾರ್ಡ್ ಅಲ್ಲಿ ಉಪಯೋಗಕ್ಕೆ ಬಾರದು, ಪ್ರವಾಸಿ ವೀಸಾದಲ್ಲಿ ಸಂಬಳವಿಲ್ಲದ ಕೆಲಸಕ್ಕೂ ಅನುಮತಿಯಿಲ್ಲ. ಅವರು ಸಂಸ್ಥೆಯಿಂದ ವೀಸಾದ ಬಗೆಯನ್ನು ಬರಹದಲ್ಲಿ ಕೇಳಿ ಪಡೆಯಲೇಬೇಕು.

100 ಭಾರತೀಯ ರೂಪಾಯಿಗೆ 160 ನೇಪಾಳಿ ರೂಪಾಯಿ, ಈ ದರ 1993ರಿಂದ ಬದಲಾಗಿಲ್ಲ. 100ರ ನೋಟುಗಳನ್ನೇ ಒಯ್ಯಿರಿ. ಯುಪಿಐ ಪೇಟೆಯ ಕೆಲವು ಅಂಗಡಿಗಳಲ್ಲಿ ನಡೆದೀತು, ಹಳ್ಳಿಯಲ್ಲಿ ನಗದೇ. ಸಿಮ್‌ಗೆ ಗುರುತಿನ ಚೀಟಿಯ ನಕಲು, ಒಂದು ಫೋಟೊ. ಗುಡ್ಡದೊಳಗೆ ನೇಪಾಳ ಟೆಲಿಕಾಂ ಹೆಚ್ಚು ಕಡೆ ಸಿಗುತ್ತದೆ. ನೀರನ್ನು ಕುದಿಬಂದ ಮೇಲೆ ಒಂದು ನಿಮಿಷ, 2,000 ಮೀಟರ್ ದಾಟಿದರೆ ಮೂರು ನಿಮಿಷ ಕುದಿಸಿ. ಬೀದಿನಾಯಿ ಕಚ್ಚಿದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಅಂದೇ ಲಸಿಕೆಗೆ ಇಳಿಯಿರಿ. ಹೊರಡುವ ಮುಂಚೆಯೇ ರೇಬಿಸ್ ಲಸಿಕೆ ಹಾಕಿಸಿಕೊಂಡರೆ ಎರಡು ದಿನದ ನಡಿಗೆ ದೂರದ ಊರಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ನಮ್ಮ ದೇಶದ ಆರೋಗ್ಯ ವಿಮೆ ಗಡಿಯಾಚೆ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಪ್ರಯಾಣ ವಿಮೆ ಕೊಳ್ಳುವಾಗ ಎಷ್ಟು ಮೀಟರ್ ಎತ್ತರದವರೆಗೆ, ಹೆಲಿಕಾಪ್ಟರ್ ಸೇರಿದೆಯೇ ಎಂಬ ಎರಡು ಸಾಲು ಓದಿಯೇ ಸಹಿ ಹಾಕಿ. ಆಂಬುಲೆನ್ಸಿಗೆ 102, ಪೊಲೀಸಿಗೆ 100. ಆದರೆ ರಸ್ತೆ ಮುಟ್ಟದ ಊರಿಗೆ ಆಂಬುಲೆನ್ಸ್ ಬರಲಾರದು, ಅಲ್ಲಿ ರೋಗಿಯನ್ನು ಡೋಕೊದಲ್ಲಿ ಕೂರಿಸಿ ಬೆನ್ನ ಮೇಲೆ ಹೊತ್ತು ಇಳಿಸುತ್ತಾರೆ. ಹಾಗಾಗಿ ಊರು ಗೊತ್ತುಮಾಡುವಾಗ ರಸ್ತೆಗೆ ಎಷ್ಟು ಗಂಟೆ ನಡಿಗೆ ಎಂದು ಕೇಳಿ. ಹತ್ತುವಾಗಿನ ಲೆಕ್ಕವನ್ನೂ, ಮಳೆಯಲ್ಲಿ ಇಳಿಯುವಾಗಿನ ಲೆಕ್ಕವನ್ನೂ ಬೇರೆಬೇರೆಯಾಗಿ.